ನರಿಗೆ ಉರುಲು ಬೇಡ, ಇಲಿಗೆ ಬೋನು ಬೇಕು

ವಿಜಯಪುರ, ತಿಕೋಟಾ ಮತ್ತು ಬಬಲೇಶ್ವರ ಭಾಗದ ಒಕ್ಕಲಿಗರಿಗಾಗಿ ಸಿದ್ಧಪಡಿಸಿದ ಉಪನ್ಯಾಸ



ವಿಜಯಪುರ ಪಟ್ಟಣದ ಪಶ್ಚಿಮಕ್ಕೆ ತಿಕೋಟಾ, ದಕ್ಷಿಣದ ಕಡೆಗೆ ಬಬಲೇಶ್ವರ. ಈ ಎರಡೂ ಊರುಗಳು ಇತ್ತೀಚಿನ ವರ್ಷಗಳಲ್ಲಿ ಪ್ರತ್ಯೇಕ ತಾಲೂಕುಗಳಾಗಿರುವುದು ಸರ್ವರಿಗೂ ವಿದಿತವೇ ಆಗಿದೆ. ಈ ಸೀಮೆಯಲ್ಲಿ ಡೋಣಿ ನದಿಯ ಮಗ್ಗುಲಿಗೆ ಆಳವಾದ ಎರೆಭೂಮಿಯೂ, ದಿನ್ನೆಗಳ ಮೇಲೆ ಕಲ್ಲು ಬೆರೆತ ತೆಳುವಾದ ಮಸಾರಿ ಭೂಮಿಯೂ ಇರುವುವು. ಎರೆಯಲ್ಲಿ ಹಿಂಗಾರಿ ಜೋಳ, ಕಡಲೆ, ಕುಸುಬಿಗಳು ಬೆಳೆಯುವುವು. ದಿನ್ನೆಯ ಮೇಲೆ ಕುರಿ ಆಡುಗಳು ಮೇಯುವುವು. ತಿಕೋಟಾ ಭಾಗದಲ್ಲಿ ದ್ರಾಕ್ಷಿಯ ತೋಟಗಳು ಹೆಚ್ಚಿವೆ. ಕೃಷ್ಣೆಯ ನೀರು ಏತ ನೀರಾವರಿಯಿಂದ ಬಂದ ಕಡೆಗಳಲ್ಲಿ ಕಬ್ಬು, ಗೋವಿನಜೋಳಗಳೂ ಕಾಲೂರಿವೆ. ಡೋಣಿ ಬೆಳೆದರೆ ಓಣೆಲ್ಲ ಜೋಳ ಎಂಬ ಗಾದೆ ಹುಟ್ಟಿದ ನೆಲವಿದು. ಆದರೆ ಬೆಳೆದುದೆಲ್ಲವೂ ಓಣಿಗೆ ಬಂದು ಸೇರುವುದಿಲ್ಲ; ದಾರಿಯಲ್ಲಿ ಪಾಲು ಕೇಳುವವರು ಹಲವರುಂಟು. ಅವರಲ್ಲಿ ಯಾರು ಕಳ್ಳರು, ಯಾರು ಕಾವಲುಗಾರರು ಎಂಬುದನ್ನು ಗೊತ್ತುಮಾಡಿಕೊಂಡು, ಬೋನನ್ನು ಯಾರಿಗೆ ಇಡತಕ್ಕದ್ದು, ಹೇಗೆ ಸಿದ್ಧಪಡಿಸತಕ್ಕದ್ದು ಎಂಬುದನ್ನು ತಿಳಿಸುವುದೇ ಈ ಉಪನ್ಯಾಸದ ಉದ್ದೇಶವಾಗಿದೆ.

೧. ಕಂಡ ನಷ್ಟ ಮತ್ತು ಕಾಣದ ನಷ್ಟ

ಹಟ್ಟಿಯಿಂದ ಒಂದು ಕುರಿಮರಿ ಹೋದರೆ ಅದು ಊರಿಗೆಲ್ಲ ಗೊತ್ತಾಗುವುದು. ತೋಟದಲ್ಲಿ ಕಲ್ಲಂಗಡಿ ಕಚ್ಚಿ ಬಿಟ್ಟಿದ್ದರೆ, ಗೋವಿನಜೋಳದ ತೆನೆ ನೆಲಕ್ಕೆ ಬಿದ್ದಿದ್ದರೆ, ಒಕ್ಕಲಿಗನು ನರಿಯನ್ನು ಶಪಿಸಿ, ಸಂಜೆಗೆ ತಂತಿಯ ಉರುಲನ್ನು ಹುಡುಕುವನು. ಆ ನಷ್ಟವು ಸುಳ್ಳಲ್ಲ. ಎರಡು ಮೂರು ಆಡುಗಳನ್ನೇ ನಂಬಿದ ಬಡವನಿಗೆ ಒಂದು ಮರಿಯೆಂದರೆ ವರ್ಷದ ಬಟ್ಟೆಬರೆಯ ಹಣ. ಆದರೆ ಇದೇ ಒಕ್ಕಲಿಗನ ಬದುವಿನೊಳಗೆ, ಬಣವಿಯ ಬುಡದಲ್ಲಿ, ಕಣದ ಅಂಚಿನಲ್ಲಿ ರಾತ್ರಿಯೆಲ್ಲ ನಡೆಯುವ ಲೂಟಿಯು ಯಾರ ಕಣ್ಣಿಗೂ ಬೀಳುವುದಿಲ್ಲ. ಇಲಿ ಜಾತಿಯ ಪ್ರಾಣಿಯು ದಿನವೊಂದಕ್ಕೆ ತನ್ನ ತೂಕದ ಸುಮಾರು ಹತ್ತರಲ್ಲೊಂದು ಪಾಲಿನಷ್ಟು ಆಹಾರವನ್ನು ತಿನ್ನುವುದು. ೨೫೦ ಗ್ರಾಂ ತೂಗುವ ಒಂದು ಹೆಗ್ಗಣವು ದಿನಕ್ಕೆ ೨೫ ಗ್ರಾಂ ಕಾಳು ತಿಂದರೆ ವರ್ಷಕ್ಕೆ ೯ ಕಿಲೋಗ್ರಾಮಿಗೆ ಮಿಕ್ಕುವುದು. ಇದು ತಿಂದ ಲೆಕ್ಕ ಮಾತ್ರ. ಬಿಲದೊಳಗೆ ಕೂಡಿಟ್ಟ ತೆನೆ, ಮೂತ್ರ ಹಿಕ್ಕೆಗಳಿಂದ ಕೆಟ್ಟ ಕಾಳು, ಕಡಿದು ಕೆಡವಿದ ದಂಟು, ಹರಿದ ಚೀಲ, ತೂತು ಬಿದ್ದ ಹನಿ ನೀರಾವರಿಯ ಕೊಳವೆ, ಇವು ಈ ಲೆಕ್ಕದಲ್ಲಿ ಸೇರಿಲ್ಲ. ಒಂದು ಹೊಲದಲ್ಲಿ ನೂರು ಬಿಲಗಳಿದ್ದರೆ ನಷ್ಟವೆಷ್ಟೆಂಬುದನ್ನು ಒಕ್ಕಲಿಗನೇ ಗುಣಿಸಿ ನೋಡಬಹುದು.

೨. ನರಿಗಳ ಪರಿಚಯ

ಈ ಸೀಮೆಯಲ್ಲಿ ನರಿಯೆಂಬ ಒಂದೇ ಹೆಸರಿನಿಂದ ಎರಡು ಬೇರೆ ಪ್ರಾಣಿಗಳನ್ನು ಕರೆಯುವುದುಂಟು. ಮೊದಲನೆಯದು ಗುಳ್ಳೆನರಿ. ನಾಯಿಗಿಂತ ಸ್ವಲ್ಪ ಸಣ್ಣದು, ಸಂಜೆ ಮುಂಜಾನೆ ಗುಂಪಾಗಿ ಊಳಿಡುವಂಥದು. ಇದು ಸತ್ತ ದನದ ಮಾಂಸ, ಇಲಿ, ಮೊಲ, ಹಕ್ಕಿ, ಬೋರೆಹಣ್ಣು, ಕಬ್ಬು, ಗೋವಿನಜೋಳ ಎಲ್ಲವನ್ನೂ ತಿನ್ನುವುದು; ಸಮಯ ಸಿಕ್ಕರೆ ಎಳೆಯ ಮರಿಯನ್ನೂ ಕೋಳಿಯನ್ನೂ ಎತ್ತುವುದು. ಎರಡನೆಯದು ಬಯಲಿನಲ್ಲಿ ಬಿಲ ತೋಡಿಕೊಂಡಿರುವ ಸಣ್ಣನರಿ. ಬೆಕ್ಕಿಗಿಂತ ತುಸು ದೊಡ್ಡದು, ತೂಕ ಎರಡರಿಂದ ಮೂರೂವರೆ ಕಿಲೋ, ಕಾಲು ಸಪುರ, ಬಾಲ ಪೊದೆಯಾಗಿದ್ದು ತುದಿ ಕಪ್ಪು. ಇದು ಊಳಿಡುವ ಜಾತಿಯಲ್ಲ. ಚಳಿಗಾಲದಲ್ಲಿ ಜೋಡಿಯಾಗಿ, ಬೇಸಗೆಯ ಮೊದಲಲ್ಲಿ ಎರಡರಿಂದ ನಾಲ್ಕು ಮರಿಗಳನ್ನು ಹಾಕುವುದು. ಅದರ ಬಿಲಕ್ಕೆ ಹಲವು ಬಾಯಿಗಳಿರುವುವು.

ಧಾರವಾಡದ ಕಡೆಯಲ್ಲಿ ಅಧಿಕಾರಿಯಾಗಿದ್ದ ವಾಲ್ಟರ್ ಎಲಿಯಟ್ ಎಂಬವರು ದಕ್ಷಿಣ ಮರಾಠಾ ಸೀಮೆಯ, ಎಂದರೆ ಈಗಿನ ಉತ್ತರ ಕರ್ನಾಟಕದ, ಪ್ರಾಣಿಗಳ ಪಟ್ಟಿಯೊಂದನ್ನು ೧೮೩೯ರಲ್ಲಿ ಮದರಾಸಿನ ವಿದ್ವತ್ಪತ್ರಿಕೆಯಲ್ಲಿ ಪ್ರಕಟಿಸಿದರು. ಅದರಲ್ಲಿ ಈ ಸಣ್ಣನರಿಗೆ ಜನರಿಟ್ಟ ಕೊಂಕ್, ಕೆಂಪುನರಿ ಮುಂತಾದ ಹೆಸರುಗಳನ್ನು ಬರೆದು, ಇದರ ಮುಖ್ಯ ಆಹಾರವು ಇಲಿ, ಹೊಲದ ಏಡಿ, ಮಿಡತೆ, ದುಂಬಿಗಳೆಂದು ತಿಳಿಸಿರುವರು. ಒಂದರ ಹೊಟ್ಟೆಯಲ್ಲಿ ಅರ್ಧ ತಿಂದ ಮಾವಿನಹಣ್ಣು ಸಿಕ್ಕಿತೆಂದೂ ಹೇಳಿರುವರು. ಕುರಿಯ ವೈರಿಯೆಂದು ಹೊಡೆಯುವ ಈ ಪ್ರಾಣಿಯು ವಾಸ್ತವದಲ್ಲಿ ಸಂಬಳವಿಲ್ಲದೆ ರಾತ್ರಿ ಗಸ್ತು ತಿರುಗುವ ಹೊಲದ ಚಾಕರನೆಂದು ಇದರಿಂದ ತಿಳಿಯುವುದು. ನರಿಯ ಮುಖ ನೋಡಿ ಎದ್ದವನಿಗೆ ದಿನವೆಲ್ಲ ಶುಭವೆಂದು ಹಿರಿಯರು ಆಡುತ್ತಿದ್ದ ಮಾತಿಗೆ ಒಕ್ಕಲುತನದ ಲೆಕ್ಕದಿಂದಲೂ ಆಧಾರವುಂಟು.

೩. ನರಿಗೆ ಉರುಲು ಏಕೆ ಕೂಡದು

ಮೊದಲನೆಯ ಕಾರಣವು ಕಾಯಿದೆಯದು. ೧೯೭೨ನೆಯ ಇಸವಿಯ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಬೇಟೆಯೆಂದರೆ ಕೋವಿಯಿಂದ ಹೊಡೆಯುವುದಷ್ಟೇ ಅಲ್ಲ. ಉರುಲು ಹಾಕುವುದು, ಬೋನಿನಲ್ಲಿ ಹಿಡಿಯುವುದು, ವಿಷವಿಡುವುದು, ಆಮಿಷ ತೋರಿ ಕರೆಯುವುದು, ಇವುಗಳ ಪ್ರಯತ್ನವೂ ಕೂಡ ಬೇಟೆಯೇ ಆಗುವುದು. ತೋಳ, ಗುಳ್ಳೆನರಿ, ಸಣ್ಣನರಿ ಈ ಮೂರೂ ಸಂರಕ್ಷಿತ ಪ್ರಾಣಿಗಳು. ೨೦೨೨ರಲ್ಲಿ ತಿದ್ದುಪಡಿಯಾಗಿ ೨೦೨೩ನೆಯ ಏಪ್ರಿಲ್ ೧ರಿಂದ ಜಾರಿಗೆ ಬಂದ ರೂಪದಲ್ಲಿ, ಮೊದಲನೆಯ ಅನುಸೂಚಿಯ ಪ್ರಾಣಿಯನ್ನು ಬೇಟೆಯಾಡಿದವನಿಗೆ ಮೂರು ವರ್ಷಕ್ಕೆ ಕಡಿಮೆಯಿಲ್ಲದ, ಏಳು ವರ್ಷದವರೆಗಿನ ಸೆರೆಮನೆ ವಾಸವೂ ೨೫,೦೦೦ ರೂಪಾಯಿಗೆ ಕಡಿಮೆಯಿಲ್ಲದ ದಂಡವೂ ವಿಧಿಸಲ್ಪಟ್ಟಿವೆ. ಒಂದು ಮರಿಯ ಸಿಟ್ಟಿಗೆ ಮನೆಯ ಯಜಮಾನನು ಸೆರೆಮನೆ ಸೇರಿದರೆ ಆ ವರ್ಷದ ಬಿತ್ತನೆಯನ್ನು ಮಾಡುವವರು ಯಾರು? ನರಿಕೊಂಬೆಂದು ಹೇಳಿ ಮಾರುವ ವಸ್ತುವನ್ನು ಕೊಳ್ಳುವುದೂ ಇಂಥದೇ ಅಪಾಯ. ನರಿಗೆ ಕೊಂಬೇ ಇರುವುದಿಲ್ಲ. ಮಾರುವವನು ಮೋಸಗಾರ, ಕೊಂಡವನು ಹಣವನ್ನೂ ಮಾನವನ್ನೂ ಕಳೆದುಕೊಳ್ಳುವವನು.

ಎರಡನೆಯ ಕಾರಣವು ಉರುಲಿನ ಗುಣದ್ದು. ಉರುಲಿಗೆ ಕಣ್ಣಿಲ್ಲ. ಬೇಲಿಯ ಸಂದಿನಲ್ಲಿ ಕಟ್ಟಿದ ತಂತಿಯು ನರಿಯನ್ನೇ ಕಾಯುತ್ತ ಕೂಡುವುದಿಲ್ಲ. ಕುರುಬನ ಕಾವಲುನಾಯಿ, ನೆರೆಯವನ ಆಡು, ಮೊಲ, ಮುಂಗುಸಿ, ಯಾವುದು ಮೊದಲು ಬಂದರೆ ಅದರ ಕುತ್ತಿಗೆಯನ್ನು ಹಿಡಿಯುವುದು. ಮಾಂಸದಲ್ಲಿ ಸಿಡಿಮದ್ದು ಅಡಗಿಸಿಡುವ ದುಷ್ಟ ಪದ್ಧತಿಯು ಇನ್ನೂ ಭಯಂಕರವಾದುದು. ಅದನ್ನು ದನವು ಬಾಯಿಗೆ ಹಾಕಿದರೂ, ಮಗುವು ಕೈಗೆತ್ತಿಕೊಂಡರೂ ಅದು ಸಿಡಿಯುವುದೇ. ಬೇಲಿಗೆ ಮನೆಯ ವಿದ್ಯುತ್ತನ್ನು ನೇರವಾಗಿ ಹಾಯಿಸುವವರೂ ಉಂಟು. ಅಂಥ ತಂತಿಗೆ ನಸುಕಿನಲ್ಲಿ ನೀರು ತಿರುವಲು ಹೋದ ಮನುಷ್ಯರೇ ಬಲಿಯಾದ ಪ್ರಸಂಗಗಳು ನಾಡಿನಲ್ಲಿ ಮತ್ತೆ ಮತ್ತೆ ನಡೆದಿವೆ. ನರಿಯಿಂದ ಹೋಗುವುದು ಮರಿ. ಈ ತಂತಿಯಿಂದ ಹೋಗುವುದು ಮನೆಯ ಮಗ.

ಮೂರನೆಯ ಕಾರಣವು ಅನುಭವದ್ದು. ಉತ್ತರ ಅಮೆರಿಕದಲ್ಲಿ ನಮ್ಮ ಗುಳ್ಳೆನರಿಯ ದಾಯಾದಿಯಾದ ಕಯೋಟಿ ಎಂಬ ಪ್ರಾಣಿಯುಂಟು. ಅದನ್ನು ಹಿಡಿಯಲು ಅಲ್ಲಿಯವರು ಕಾಲು ಕಚ್ಚುವ ಉಕ್ಕಿನ ಬೋನನ್ನು ಬಳಸುತ್ತ ಬಂದಿದ್ದಾರೆ. ಹೊಸ ಬೋನಿನ ಎಣ್ಣೆಯ ವಾಸನೆ ಹೋಗುವಂತೆ ಕುದಿಸಿ, ಮರದ ಬಣ್ಣದಲ್ಲಿ ಅದ್ದಿ, ತುಕ್ಕು ಹಿಡಿಯದಂತೆ ಮೇಣ ಸವರಿ, ಜರಡಿ ಹಿಡಿದ ಮಣ್ಣಿನಡಿ ಹೂಳುವುದು ಅವರ ಕ್ರಮ. ೧೯೧೫ರಿಂದ ಅಲ್ಲಿಯ ಕೇಂದ್ರ ಸರ್ಕಾರವೇ ಸಂಬಳದ ಬೇಟೆಗಾರರನ್ನು ನೇಮಿಸಿ ಬೋನು, ಗುಂಡು, ವಿಷಗಳಿಂದ ಅಸಂಖ್ಯಾತವಾಗಿ ಕೊಲ್ಲಿಸಿತು. ಆದರೂ ಕಯೋಟಿಯು ನಾಶವಾಗಲಿಲ್ಲ. ಪಶ್ಚಿಮದ ಬಯಲಿನಿಂದ ಹೊರಟು ಪೂರ್ವ ಸಮುದ್ರದ ತೀರದವರೆಗೆ ಹಬ್ಬಿ, ಈಗ ದೊಡ್ಡ ಪಟ್ಟಣಗಳ ಒಳಗೂ ನೆಲಸಿದೆ. ಅತ್ತ ಐರೋಪ್ಯ ಒಕ್ಕೂಟವು ಕಾಲು ಕಚ್ಚುವ ಈ ಬೋನನ್ನು ೧೯೯೫ರಿಂದ ತನ್ನ ದೇಶಗಳಲ್ಲಿ ನಿಷೇಧಿಸಿತು. ಇಷ್ಟು ಹಣ, ಇಷ್ಟು ಉಪಕರಣವಿದ್ದ ದೇಶದಲ್ಲಿ ಸಾಧಿಸದ ಕಾರ್ಯವನ್ನು ತಿಕೋಟಾದ ಒಕ್ಕಲಿಗನು ನಾಲ್ಕು ಗಜ ತಂತಿಯಿಂದ ಸಾಧಿಸಲಾರನು.

೪. ಇಲಿಯ ಹಾವಳಿಯ ಪೂರ್ವವೃತ್ತಾಂತ

ಇಲಿಯ ಹಾವಳಿಯು ಈ ಸೀಮೆಗೆ ಹೊಸದಲ್ಲ. ಮೇಲೆ ಹೇಳಿದ ಎಲಿಯಟ್ ಅವರು ೧೮೨೬ರಲ್ಲಿ ಮಳೆ ಕಡಿಮೆಯಾದಾಗ ಹೊಲದ ಇಲಿಗಳು ಮಿತಿಮೀರಿ ಹೆಚ್ಚಿದುದನ್ನು ಕಣ್ಣಾರೆ ಕಂಡವರು. ಬಿತ್ತಿದ ಬೀಜವನ್ನು ಬಿತ್ತಿದ ಹಾಗೆಯೇ ತಿಂದುವು. ಉಳಿದು ಬೆಳೆದ ಜೋಳದ ದಂಟನ್ನು ಹತ್ತಿ ತೆನೆಯನ್ನು ಕಡಿದು ಕೆಡವಿದುವು. ಇಡೀ ಹೊಲಗಳು ಹಾಳಾಗಿ ರೈತರು ಕಂದಾಯ ಕಟ್ಟಲಾರದೆ ಹೋದರು. ಆಗ ರೈತರು ಒಡ್ಡರನ್ನು ಕರೆಸಿ, ಇಷ್ಟು ಡಜನ್ ಇಲಿಗೆ ಇಷ್ಟು ಅಳತೆ ಕಾಳೆಂದು ಗೊತ್ತುಮಾಡಿ, ಸಾವಿರಗಟ್ಟಲೆ ಕೊಲ್ಲಿಸಿದರೂ ಇಲಿಗಳು ಕಡಿಮೆಯಾದಂತೆ ತೋರಲಿಲ್ಲ. ಒಡ್ಡರು ಆ ಇಲಿಗೆ ಹೇಳುತ್ತಿದ್ದ ಮೆಟ್ಟಡೆ ಎಂಬ ಹೆಸರೇ ತುಸು ಮಾರ್ಪಟ್ಟು ಶಾಸ್ತ್ರಗ್ರಂಥಗಳಲ್ಲಿ ಅದಕ್ಕೆ ಮಿಲ್ಲಾರ್ಡಿಯಾ ಮೆಲ್ಟಾಡಾ ಎಂಬ ನಾಮವಾಗಿ ನಿಂತಿದೆ. ಮತ್ತೆ ೧೮೭೬ರಿಂದ ೧೮೭೮ರವರೆಗಿನ ಮಹಾಕ್ಷಾಮದ ಬೆನ್ನಿಗೇ, ೧೮೭೮-೭೯ರಲ್ಲಿ, ದಖ್ಖನಿನ ದಕ್ಷಿಣ ಜಿಲ್ಲೆಗಳ ಮೇಲೆ ಇಲಿಗಳ ದಂಡು ಎರಗಿತು. ಬರದಿಂದ ಬದುಕಿ ಉಳಿದು, ಸಾಲ ಮಾಡಿ ಬಿತ್ತಿದವರ ಬೆಳೆಯೇ ಆಗ ಇಲಿಯ ಬಾಯಿಗೆ ಹೋದುದು.

ಈ ಎರಡು ವೃತ್ತಾಂತಗಳಿಂದ ಕಲಿಯತಕ್ಕ ಪಾಠವೇನೆಂದರೆ, ಇಲಿಗಳು ಹೆಚ್ಚಿದ ಮೇಲೆ ಕೊಲ್ಲಹೊರಟರೆ ಪ್ರಯೋಜನ ಅಲ್ಪ; ಅವು ಕಡಿಮೆಯಿದ್ದಾಗಲೇ ಕೈಹಾಕಬೇಕು. ಹೆಗ್ಗಣವು ಸುಮಾರು ಮೂರು ವಾರ ಗರ್ಭ ಧರಿಸಿ ಆರೆಂಟು ಮರಿಗಳನ್ನು ಹಾಕುವುದು. ಆ ಮರಿಗಳು ಸುಮಾರು ಮೂರು ತಿಂಗಳಿಗೆ ತಾವೇ ಮರಿ ಹಾಕುವ ಸ್ಥಿತಿಗೆ ಬರುವುವು. ಆದುದರಿಂದ ಬೇಸಗೆಯಲ್ಲಿ ಹಿಡಿದ ಒಂದು ಹೆಣ್ಣಿಲಿಯು ಸುಗ್ಗಿಯಲ್ಲಿ ಹಿಡಿದ ಇಪ್ಪತ್ತಕ್ಕೆ ಸಮಾನವೆಂದು ತಿಳಿಯತಕ್ಕದ್ದು.

೫. ಬೋನುಗಳ ಬಗೆಗಳು

ಇಲಿ ಹೆಗ್ಗಣಗಳಿಗೆ ಬಳಸುವ ಬೋನುಗಳಲ್ಲಿ ಮುಖ್ಯವಾದುವು ನಾಲ್ಕು.

ತಂತಿಬೋನು: ಆಮಿಷವನ್ನು ಎಳೆದ ಕೂಡಲೆ ಬಾಗಿಲು ಮುಚ್ಚುವಂಥದು. ಇಲಿಯು ಜೀವಂತವಾಗಿ ಸಿಕ್ಕುವುದರಿಂದ, ತಪ್ಪಿ ಬಂದ ಅಳಿಲು, ಮುಂಗುಸಿ ಮರಿ, ಹಕ್ಕಿಗಳನ್ನು ಬಿಟ್ಟುಬಿಡಬಹುದು. ಮನೆ, ಉಗ್ರಾಣ, ದ್ರಾಕ್ಷಿ ಒಣಗಿಸುವ ಶೆಡ್ಡುಗಳಿಗೆ ಇದೇ ಉತ್ತಮ.

ಹಲಗೆಬೋನು: ಹಲಗೆಯ ಮೇಲಿನ ಉಕ್ಕಿನ ಕಮಾನು ಬಡಿದು ಇಲಿಯನ್ನು ಒಡನೆಯೇ ಕೊಲ್ಲುವಂಥದು. ಅಗ್ಗವಾದುದು; ಆದರೆ ಮಕ್ಕಳೂ ಬೆಕ್ಕೂ ತಿರುಗಾಡುವಲ್ಲಿ ಮುಚ್ಚಳವಿಲ್ಲದೆ ಇಡಕೂಡದು.

ಬಿಲ್ಲುಬೋನು: ಬಿದಿರನ್ನು ಬಗ್ಗಿಸಿ ದಾರ ಬಿಗಿದು ಮಾಡಿದ್ದು. ತಮಿಳುನಾಡಿನ ಕಾವೇರಿ ಬಯಲಿನ ಬತ್ತದ ಗದ್ದೆಗಳಲ್ಲಿ ಹೆಸರಾದುದರಿಂದ ಇದನ್ನು ತಂಜಾವೂರು ಬೋನೆಂದೂ ಕರೆಯುವರು. ಊರಿನ ಬುಟ್ಟಿ ಹೆಣೆಯುವವರು ಮಾದರಿ ನೋಡಿ ಮಾಡಿಕೊಡಬಲ್ಲರು.

ಗಡಿಗೆಬೋನು: ಬಾಯಿ ಸಪುರ, ಹೊಟ್ಟೆ ಅಗಲವಾದ ಒಂದೂವರೆ ಅಡಿ ಆಳದ ಮಣ್ಣಿನ ಗಡಿಗೆಯನ್ನು ಬಾಯಿ ನೆಲಸಮವಾಗುವಂತೆ ಹೂಳಿ, ಒಳಗಿನ ಕುತ್ತಿಗೆಗೆ ಎಣ್ಣೆ ಸವರಿ, ತಳದಲ್ಲಿ ಹುರಿದ ಕಾಳು ಹಾಕುವುದು. ಇಳಿದ ಇಲಿಯು ಮೇಲೇರಲಾರದು. ಹಗಲು ಇದರ ಬಾಯಿಗೆ ತಪ್ಪದೆ ಚಪ್ಪಡಿಕಲ್ಲು ಮುಚ್ಚತಕ್ಕದ್ದು.

೬. ಬೋನನ್ನು ಸಿದ್ಧಪಡಿಸುವ ಕ್ರಮ

ಬೋನು ಕೊಂಡು ತಂದ ದಿನವೇ ಆಮಿಷ ಕಟ್ಟಿ ಇಟ್ಟು, ಮರುದಿನ ಇಲಿ ಬೀಳಲಿಲ್ಲವೆಂದು ಮೂಲೆಗೆ ಎಸೆಯುವವರೇ ಹೆಚ್ಚು. ದೋಷವು ಬೋನಿನದಲ್ಲ, ಸಿದ್ಧತೆಯದು. ಇಲಿಯು ಹೊಸ ವಸ್ತುವನ್ನು ಕಂಡರೆ ಶಂಕಿಸುವ ಪ್ರಾಣಿ. ತನ್ನ ದಾರಿಯಲ್ಲಿ ನಿನ್ನೆ ಇಲ್ಲದ ಒಂದು ಕಲ್ಲಿದ್ದರೂ ಸುತ್ತುಹಾಕಿ ಹೋಗುವುದು. ಆದಕಾರಣ ಕೆಳಗಿನ ಕ್ರಮವನ್ನು ಅನುಸರಿಸತಕ್ಕದ್ದು.

ಒಂದನೆಯದಾಗಿ, ಹೊಸ ಬೋನಿನ ಕಾರಖಾನೆಯ ಎಣ್ಣೆಯನ್ನು ಒಲೆಯ ಬೂದಿ ಮತ್ತು ಬಿಸಿನೀರಿನಿಂದ ತೊಳೆದು, ಎರಡು ದಿನ ಬಿಸಿಲಿನಲ್ಲಿ ಒಣಗಿಸಬೇಕು. ವಾಸನೆಯ ಸಾಬೂನು, ಫಿನಾಯಿಲುಗಳನ್ನು ಬಳಸಕೂಡದು. ಹಳೆಯ ಬೋನಿನಲ್ಲಿ ಕೊಳೆತ ಆಮಿಷ, ರಕ್ತ, ಹಿಕ್ಕೆಗಳನ್ನು ತೆಗೆದು ಬರಿಯ ಬಿಸಿನೀರಿನಿಂದ ತೊಳೆದರೆ ಸಾಕು. ಮೊದಲು ಸಿಕ್ಕ ಇಲಿಯ ಮೈವಾಸನೆ ತುಸು ಉಳಿದಿದ್ದರೆ ಅದು ಬೇರೆ ಇಲಿಗಳನ್ನು ಸಾಮಾನ್ಯವಾಗಿ ಬೆದರಿಸದು, ಕರೆಯುವುದೇ ಹೆಚ್ಚು.

ಎರಡನೆಯದಾಗಿ, ಕೀಲು ಕಮಾನುಗಳನ್ನು ಪರೀಕ್ಷಿಸಬೇಕು. ಕೀಲುಗಳಿಗೆ ಒಂದೆರಡು ಹನಿ ಕುಸುಬಿ ಎಣ್ಣೆ ಬಿಟ್ಟು, ಬೆರಳಿನಿಂದಲ್ಲದೆ ಒಂದು ಕಣಕಿಯ ಕಡ್ಡಿಯಿಂದ ಆಮಿಷದ ಕೊಕ್ಕೆಯನ್ನು ಮೆಲ್ಲಗೆ ಅಲುಗಿಸಿ ನೋಡಬೇಕು. ಅಷ್ಟಕ್ಕೇ ಬಾಗಿಲು ಬೀಳಬೇಕು. ಜೋರಾಗಿ ಎಳೆದರೆ ಮಾತ್ರ ಬೀಳುವ ಬೋನು ಸಣ್ಣ ಇಲಿಗೆ ಬಿಟ್ಟಿ ಊಟ ಹಾಕುವ ಛತ್ರವಾಗುವುದು.

ಮೂರನೆಯದಾಗಿ, ಆಮಿಷವನ್ನು ಸ್ಥಳ ನೋಡಿ ಆರಿಸಬೇಕು. ಜೋಳದ ರಾಶಿಯ ಪಕ್ಕದಲ್ಲಿ ಜೋಳವನ್ನೇ ಇಟ್ಟರೆ ಇಲಿಯು ಅದಕ್ಕಾಗಿ ಬೋನಿಗೆ ಏಕೆ ಬರಬೇಕು? ಅಲ್ಲಿ ಎಣ್ಣೆ ಸವರಿದ ರೊಟ್ಟಿಯ ಚೂರು, ಹುರಿದ ಶೇಂಗಾ, ಒಣಕೊಬ್ಬರಿ ಇವು ತಕ್ಕುವು. ತೋಟದಲ್ಲಿ ಹುರಿದ ಕಾಳೂ ಸಲ್ಲುವುದು. ಆಮಿಷವನ್ನು ದಿನವೂ ಬದಲಿಸಬೇಕು; ಇರುವೆ ಮುತ್ತಿದ ರೊಟ್ಟಿಯನ್ನು ಇಲಿ ಮುಟ್ಟದು.

ನಾಲ್ಕನೆಯದಾಗಿ, ಎಲ್ಲಕ್ಕಿಂತ ಮುಖ್ಯವಾಗಿ, ರೂಢಿ ಮಾಡಿಸಬೇಕು. ಮೊದಲಿನ ಎರಡು ಮೂರು ರಾತ್ರಿ ಬೋನಿನ ಬಾಗಿಲನ್ನು ತೆರೆದು ಕಟ್ಟಿ, ಕೀಲನ್ನು ಹೂಡದೆ, ಒಳಗೆ ಆಮಿಷವನ್ನು ಮಾತ್ರ ಇಡಬೇಕು. ಇಲಿಗಳು ನಿರ್ಭಯವಾಗಿ ತಿಂದು ಹೋಗಲಿ. ನಾಲ್ಕನೆಯ ರಾತ್ರಿ ಎಲ್ಲ ಬೋನುಗಳನ್ನೂ ಒಂದೇ ಸಲ ಹೂಡಬೇಕು. ತಾಳ್ಮೆಯ ಈ ಮೂರು ರಾತ್ರಿಗಳೇ ಫಲವನ್ನು ನಿರ್ಣಯಿಸುವುವು.

೭. ಬೋನನ್ನು ಇಡುವ ಸ್ಥಳ ಮತ್ತು ಕಾಲ

ಮೊದಲ ದಿನ ಸಂಜೆ ಹೊಲದ ಬದುಗಳಲ್ಲಿರುವ ಬಿಲದ ಬಾಯಿಗಳನ್ನೆಲ್ಲ ಹಸಿಮಣ್ಣಿನಿಂದ ಮುಚ್ಚಬೇಕು. ಮರುದಿನ ಮುಂಜಾನೆ ಯಾವುವು ತೆರೆದಿರುವುವೋ ಅವೇ ಜೀವಂತ ಬಿಲಗಳು. ಅವಕ್ಕೆ ಒಂದು ಕಡ್ಡಿ ನೆಟ್ಟು ಗುರುತು ಮಾಡಬೇಕು. ಬೋನುಗಳನ್ನು ಅವುಗಳ ಮಗ್ಗುಲಲ್ಲಿ, ಇಲಿ ನಡೆದು ಸವೆದ ದಾರಿಯ ಮೇಲೆ ಇಡಬೇಕೇ ಹೊರತು ಬಯಲಿನ ನಡುವೆ ಅಲ್ಲ. ಮನೆಯೊಳಗಾದರೆ ಇಲಿಯು ಗೋಡೆಯ ಬುಡವನ್ನೇ ಹಿಡಿದು ಓಡುವುದರಿಂದ ಬೋನಿನ ಬಾಯಿ ಗೋಡೆಯ ಕಡೆಗಿರತಕ್ಕದ್ದು. ಬಹಳ ಬಾಯಿಗಳುಳ್ಳ ದೊಡ್ಡ ಬಿಲವು ಬಯಲಿನಲ್ಲಿ ಕಂಡು, ಅದರ ಮುಂದೆ ಕೂದಲು ಬೀಜಗಳಿಂದ ಕೂಡಿದ ಹಿಕ್ಕೆ, ಎಲುಬಿನ ಚೂರು ಬಿದ್ದಿದ್ದರೆ ಅದು ನರಿಯ ಮನೆಯೆಂದು ತಿಳಿದು ಮುಟ್ಟದೆ ಬಿಡತಕ್ಕದ್ದು.

ಬೋನನ್ನು ಹೊತ್ತು ಮುಳುಗುವಾಗ ಹೂಡಿ, ಹೊತ್ತು ಮೂಡುವ ಮೊದಲೇ ನೋಡಬೇಕು. ಎಷ್ಟು ಬೋನು ಇಟ್ಟಿತೆಂದು ಎಣಿಸಿ ಇಟ್ಟು, ಎಣಿಸಿಯೇ ತೆಗೆಯಬೇಕು. ಹಗಲಿನಲ್ಲಿ ಹೂಡಿದ ಬೋನು ಗೌಜಲ ಹಕ್ಕಿಗೂ ಓತಿಕ್ಯಾತಕ್ಕೂ ಮೃತ್ಯುವಾಗುವುದು. ಸಿಕ್ಕ ಇಲಿಯನ್ನು ಬಿಸಿಲಿನಲ್ಲಿ ನೀರಿಲ್ಲದೆ ಬಿಡುವುದೂ, ಬೆಂಕಿಗೆ ಹಾಕುವುದೂ ಮನುಷ್ಯತ್ವವಲ್ಲ. ಕೊಲ್ಲುವುದು ಅನಿವಾರ್ಯವಾದಲ್ಲಿ ಒಂದೇ ಏಟಿಗೆ ಮುಗಿಸಬೇಕು. ಸತ್ತ ಇಲಿಯನ್ನು ಬರಿಗೈಯಿಂದ ಮುಟ್ಟದೆ, ಎರಡಡಿ ಆಳಕ್ಕೆ ಹೂಳಿ, ಕೈಗಳನ್ನು ಸಾಬೂನಿನಿಂದ ತೊಳೆಯಬೇಕು. ಇಲಿಯ ಮೂತ್ರದಿಂದ ಇಲಿಜ್ವರ ಬರುವುದು. ೧೮೯೬ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡು ಈ ಕಡೆಯ ಊರುಗಳನ್ನೂ ಬರಿದುಮಾಡಿದ ಪ್ಲೇಗು ಇಲಿಯ ಚಿಗಟದಿಂದ ಹರಡಿದುದೆಂಬುದನ್ನು ಪಟ್ಟಣದವರೂ ಹಳ್ಳಿಯವರೂ ಮರೆಯಕೂಡದು.

ಕಾಲದ ವಿಷಯವಾಗಿ ಹೇಳುವುದಾದರೆ, ಹಿಂಗಾರಿ ರಾಶಿ ಮುಗಿದ ಮೇಲೆ ಏಪ್ರಿಲಿನಿಂದ ಜೂನಿನವರೆಗೆ ಹೊಲದಲ್ಲಿ ಆಹಾರವಿರುವುದಿಲ್ಲ. ಬಿಲಗಳು ಸ್ಪಷ್ಟವಾಗಿ ಕಾಣುವುವು. ಹಸಿದ ಇಲಿಯು ಆಮಿಷಕ್ಕೆ ಬೇಗ ಬರುವುದು. ಆಗಲೇ ಊರವರೆಲ್ಲ ಒಂದಾಗಿ ಒಂದೇ ವಾರದಲ್ಲಿ ಈ ಕೆಲಸವನ್ನು ಮಾಡಬೇಕು. ಒಬ್ಬನೇ ಮಾಡಿದರೆ ನೆರೆಯ ಹೊಲದ ಇಲಿಗಳು ಹದಿನೈದು ದಿನದಲ್ಲಿ ಬಂದು ಬರಿದಾದ ಬಿಲಗಳನ್ನು ಸೇರುವುವು. ಬದುಗಳ ಮೇಲಿನ ಕಸಕಡ್ಡಿಯನ್ನು ತೆಗೆಯುವುದು, ಬಣವಿಯನ್ನು ನೆಲಕ್ಕೆ ತಾಗದಂತೆ ಕಲ್ಲಿನ ಮೇಲೆ ಒಟ್ಟುವುದು, ಹೊಲದಲ್ಲಿ ಗೂಗೆ ಕೂಡಲು ಅಲ್ಲಲ್ಲಿ ಅಡ್ಡಪಟ್ಟಿಯ ಗೂಟ ನೆಡುವುದು, ಇವು ಬೋನಿನ ಕೆಲಸವನ್ನು ಹಗುರಮಾಡುವುವು.

ವಿಷದ ಆಮಿಷದ ವಿಚಾರದಲ್ಲಿ ಎಚ್ಚರ ಬೇಕು. ವಿಷ ತಿಂದು ಬಯಲಿಗೆ ಬಂದು ಸತ್ತ ಇಲಿಯನ್ನು ನರಿ, ಗೂಗೆ, ಹದ್ದು, ಮನೆಯ ಬೆಕ್ಕುಗಳು ತಿಂದರೆ ಅವಕ್ಕೂ ಅಪಾಯವುಂಟು. ಇಲಿಯ ವೈರಿಗಳು ಹೀಗೆ ಸತ್ತರೆ ಮುಂದಿನ ವರ್ಷ ಇಲಿಗೆ ಹಬ್ಬ. ವಿಷವು ಅನಿವಾರ್ಯವೆಂದು ತೋರಿದಲ್ಲಿ ರೈತ ಸಂಪರ್ಕ ಕೇಂದ್ರದವರನ್ನಾಗಲಿ, ವಿಜಯಪುರದ ಹಿಟ್ಟಿನಹಳ್ಳಿ ಕ್ಷೇತ್ರದ ಕೃಷಿ ವಿಜ್ಞಾನ ಕೇಂದ್ರದವರನ್ನಾಗಲಿ ಕೇಳಿ, ಅವರು ಹೇಳಿದ ಪ್ರಮಾಣದಲ್ಲಿ ಬಿಲದ ಒಳಗೇ ಇಟ್ಟು ಬಾಯಿ ಮುಚ್ಚತಕ್ಕದ್ದು.

೮. ಕುರಿಮರಿ, ಕೋಳಿ ಮತ್ತು ತೋಟದ ರಕ್ಷಣೆ

ಹಾಗಾದರೆ ನರಿಗೆ ಮರಿಯನ್ನು ಒಪ್ಪಿಸಿ ಸುಮ್ಮನಿರಬೇಕೇ ಎಂದು ಕುರುಬರು ಕೇಳುವುದು ನ್ಯಾಯವೇ. ಸುಮ್ಮನಿರತಕ್ಕದ್ದಲ್ಲ, ಕಳ್ಳನನ್ನು ಕೊಲ್ಲುವ ಬದಲು ಬಾಗಿಲನ್ನು ಭದ್ರಪಡಿಸತಕ್ಕದ್ದು. ಮೊದಲು ಕಳ್ಳನು ಯಾರೆಂದು ನಿಶ್ಚಯಿಸಬೇಕು. ಹಲವು ಕುರಿಗಳ ಹಿಂಗಾಲು, ಕಿವಿ, ಪಕ್ಕೆಗಳಲ್ಲಿ ಅಡ್ಡಾದಿಡ್ಡಿಯಾಗಿ ಕಚ್ಚಿ, ತಿನ್ನದೆ ಬಿಟ್ಟಿದ್ದರೆ ಅದು ಬಹುಶಃ ಊರ ಬೀಡಾಡಿ ನಾಯಿಗಳ ಕೆಲಸ. ನರಿಯನ್ನು ಬೈದು ಪ್ರಯೋಜನವಿಲ್ಲ.

ಎಳೆಯ ಮರಿಗಳನ್ನು ರಾತ್ರಿ ಬುಟ್ಟಿಯ ಅಥವಾ ಜಾಳಿಗೆಯ ಒಳಗೆ ಹಟ್ಟಿಯ ನಡುವೆ ಇಡುವ ಹಿರಿಯರ ಪದ್ಧತಿಯನ್ನು ಬಿಡಕೂಡದು. ಕೋಳಿಗೂಡಿನ ತಂತಿಜಾಲರಿಯನ್ನು ನೆಲದೊಳಗೆ ಒಂದಡಿ ಇಳಿಸಿದರೆ ನರಿಯು ಅಡಿಯಿಂದ ತೋಡಿ ಬರಲಾರದು. ಸತ್ತ ಕುರಿ, ಕೋಳಿಗಳ ಕಸವನ್ನು ಹಳ್ಳದ ದಂಡೆಗೆ ಎಸೆಯುವುದೇ ನರಿಗಳಿಗೂ ನಾಯಿಗಳಿಗೂ ಊರಿಗೆ ಬರುವ ದಾರಿಯನ್ನು ತೋರಿಸುವುದು. ಅದನ್ನು ಆಳವಾಗಿ ಹೂಳತಕ್ಕದ್ದು. ಹಟ್ಟಿಗೆ ಒಳ್ಳೆಯ ನಾಯಿ ಬೇಕು. ನೆರೆಯ ಮುಧೋಳವು ಸಂಸ್ಥಾನವಾಗಿದ್ದ ಕಾಲದಲ್ಲಿ ಘೋರ್ಪಡೆ ಅರಸರ ಆಶ್ರಯದಲ್ಲಿ ಬೆಳೆದು, ೨೦೦೫ರಲ್ಲಿ ಅಂಚೆಚೀಟಿಯ ಮೇಲೂ ಮೂಡಿದ ಮುಧೋಳ ನಾಯಿಯು ಕಣ್ಣು ಕಾಲುಗಳ ಚುರುಕಿಗೆ ಹೆಸರಾದುದು. ಆದರೆ ಅದನ್ನು ಹಟ್ಟಿಯ ಕಾವಲಿಗೆ ಇಡಬಹುದೇ ಹೊರತು ನರಿಯ ಬೆನ್ನು ಹತ್ತಿಸಕೂಡದು. 'ಛೂ' ಎಂದು ನಾಯಿ ಬಿಡುವುದೂ ಕಾಯಿದೆಯಲ್ಲಿ ಬೇಟೆಯೇ. ತೋಳದ ಭಯವಿರುವಲ್ಲಿ ನಾಯಿಯ ಕೊರಳಿಗೆ ಮುಳ್ಳಿನ ಪಟ್ಟಿ ಕಟ್ಟುವುದು ಒಳ್ಳೆಯದು. ನಾಯಿಗಳಿಗೆ ಹುಚ್ಚುರೋಗದ ಲಸಿಕೆಯನ್ನು ವರ್ಷವೂ ಹಾಕಿಸಬೇಕು.

ಹಾಡುಹಗಲಿನಲ್ಲಿ ಅಂಜಿಕೆಯಿಲ್ಲದೆ ಊರೊಳಗೆ ಬರುವ ನರಿಗೆ ಹುಚ್ಚು ಹಿಡಿದಿರಬಹುದು. ಅದನ್ನು ಸುತ್ತುವರಿಯದೆ ಅರಣ್ಯ ಇಲಾಖೆಗೆ ತಿಳಿಸಬೇಕು. ಯಾರಿಗಾದರೂ ಕಚ್ಚಿದಲ್ಲಿ ಗಾಯವನ್ನು ಹರಿಯುವ ನೀರು ಮತ್ತು ಸಾಬೂನಿನಿಂದ ೧೫ ನಿಮಿಷ ತೊಳೆದು, ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಒಯ್ದು ಚುಚ್ಚುಮದ್ದು ಹಾಕಿಸತಕ್ಕದ್ದು. ರೋಗವು ತಲೆದೋರಿದ ಮೇಲೆ ಉಪಾಯವಿಲ್ಲ. ತೋಳ ಮುಂತಾದುವುಗಳಿಂದ ಜಾನುವಾರು ಸತ್ತಲ್ಲಿ ಕಳೇಬರವನ್ನು ಕದಲಿಸದೆ ಅರಣ್ಯ ಇಲಾಖೆಯವರಿಗೆ ವರದಿ ಕೊಟ್ಟು ಪರಿಹಾರದ ವಿಷಯವನ್ನು ವಿಚಾರಿಸಬೇಕು.

ದ್ರಾಕ್ಷಿಯ ಚಪ್ಪರದಲ್ಲಿ ನೆಲಕ್ಕೆ ಜೋತುಬಿದ್ದ ಗೊಂಚಲುಗಳನ್ನು ಎತ್ತಿ ಕಟ್ಟಿ, ಉದುರಿದ ಹಣ್ಣನ್ನು ದಿನವೂ ಆರಿಸಿದರೆ ನರಿಗೆ ಅಲ್ಲಿ ಕೆಲಸವಿಲ್ಲ. ಕಬ್ಬು ಗೋವಿನಜೋಳಗಳಿಗೆ ಬೇಲಿ ಬೇಕಾದಲ್ಲಿ, ಬಿಸಿಲಿನ ಶಕ್ತಿಯಿಂದ ಕ್ಷಣಕ್ಷಣಕ್ಕೆ ಸಣ್ಣ ಏಟು ಮಾತ್ರ ಕೊಡುವ ಪ್ರಮಾಣಿತ ಯಂತ್ರದ ಬೇಲಿಯನ್ನು ಹಾಕಿಸಬೇಕು.

೯. ಸಾರಾಂಶ

ನರಿ, ಸಣ್ಣನರಿ, ತೋಳಗಳಿಗೆ ಉರುಲು, ವಿಷ, ಸಿಡಿಮದ್ದು, ವಿದ್ಯುತ್ ತಂತಿ ಸರ್ವಥಾ ಕೂಡದು. ಹಟ್ಟಿ, ಗೂಡು, ಬೇಲಿಗಳನ್ನು ಭದ್ರಪಡಿಸಬೇಕು. ಇಲಿಗೆ ಬೇಸಗೆಯಲ್ಲಿಯೇ ಬೋನು ಇಡಬೇಕು. ಬೋನನ್ನು ತೊಳೆದು, ಒಣಗಿಸಿ, ಕೀಲು ಪರೀಕ್ಷಿಸಿ, ಮೂರು ರಾತ್ರಿ ಹೂಡದೆ ಇಟ್ಟು, ನಾಲ್ಕನೆಯ ರಾತ್ರಿ ಹೂಡಬೇಕು. ಊರವರೆಲ್ಲ ಒಂದೇ ವಾರದಲ್ಲಿ ಕೂಡಿ ಮಾಡಬೇಕು.

ಈ ಕೆಲಸಕ್ಕೆ ಬೇಕಾದ ಹಣ ಸ್ವಲ್ಪ, ಬೇಕಾದ ಬುದ್ಧಿ ಪ್ರತಿಯೊಬ್ಬ ಒಕ್ಕಲಿಗನಲ್ಲಿಯೂ ಇರುವಂಥದೇ. ಮುಂದಿನ ರಾಶಿಯ ಹೊತ್ತಿಗೆ ಒಂದೊಂದು ಊರಿನವರು ತಮ್ಮ ಬದುಗಳಲ್ಲಿ ಮುಂಚೆ ಎಷ್ಟು ಜೀವಂತ ಬಿಲಗಳಿದ್ದುವು, ಈಗ ಎಷ್ಟಿವೆ ಎಂಬುದನ್ನು ಎಣಿಸಿ ಬರೆದಿಟ್ಟುಕೊಂಡರೆ, ಈ ಮಾತುಗಳ ನಿಜವನ್ನು ಬೇರೆ ಯಾರೂ ಹೇಳಬೇಕಾಗಿಲ್ಲ. ಕಣದಲ್ಲಿ ತುಂಬಿದ ಚೀಲಗಳೇ ಹೇಳುವುವು.